ಡ್ರಾಯಿಂಗ್ ಸ್ಟೋರಿನ ಅಕ್ಕೋರು

ಅವರ ಕಣ್ಣುಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದವರು, ಈ ಹೆಣ್ಣುಮಗಳು ಈಗಷ್ಟೇ ಅತ್ತು ಬಂದಿದ್ದಾಳೆ ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ದಿನ ಹಾಗೇ ತಿಳಿದು ದನಿ ತಗ್ಗಿಸಿ ಮಾತಾಡಿದ್ದೆ. ಅವರು ನಕ್ಕು, ಇದು ಅಮೋನಿಯಾದ ಉಪಕಾರ ಎಂದರು. ನಕ್ಷೆಯ ಪ್ರಿಂಟು ತೆಗೆಯುವ ಯಂತ್ರಕ್ಕೆ ಅಮೋನಿಯಾ ಹಾಕಬೇಕಿತ್ತು. ಅದರ ಹೊಗೆಯಲ್ಲಿ ಅವರು ಇಪ್ಪತ್ತು ವರ್ಷ ಕಳೆದಿದ್ದರು. ಅವರ ಸೀರೆಯ ಸೆರಗಿಗೂ ಅದೇ ವಾಸನೆ.

ಹೊಸಪೇಟೆಯ ಹೊರಗಿದ್ದ ನಮ್ಮ ಕಾರ್ಖಾನೆಯಲ್ಲಿ ಸಂಡೂರಿನ ಗಣಿಗಳಿಗೆ ಬೇಕಾದ ಯಂತ್ರದ ಭಾಗಗಳನ್ನೂ ಕಾಲುವೆಗಳ ಗೇಟುಗಳನ್ನೂ ಮಾಡುತ್ತಿದ್ದರು. ಮೆಟ್ರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಇವರು ಮೊದಲು ನಕ್ಷೆಗಳ ಮೇಲೆ ಪಾರದರ್ಶಕ ಹಾಳೆ ಹಾಸಿ ತಿದ್ದಿ ಬರೆಯುವ ಕೆಲಸಕ್ಕೆ ಸೇರಿ, ಆಮೇಲೆ ಡ್ರಾಯಿಂಗ್ ಸ್ಟೋರನ್ನು ನೋಡಿಕೊಳ್ಳುವವರಾದರು. ಮದುವೆಯಾಗಿರಲಿಲ್ಲ. ಮ್ಯಾನೇಜರಿಂದ ಹಿಡಿದು ವೆಲ್ಡರನವರೆಗೆ ಎಲ್ಲರೂ ಅವರನ್ನು ಅಕ್ಕೋರು ಅನ್ನುತ್ತಿದ್ದರು, ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ.

ಅವರ ಶಿಸ್ತಿನಿಂದ ನನಗೆ ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಮೂಲ ನಕ್ಷೆಯನ್ನು ಒಂದು ಸಲಕ್ಕೆ ಒಬ್ಬರಿಗೇ ಕೊಡುತ್ತಿದ್ದರು, ಸಹಿ ಹಾಕಿಸಿಕೊಂಡು. ಅದು ವಾಪಸು ಬರುವ ತನಕ ಬೇರೆಯವರಿಗೆ ನೋಡಲಿಕ್ಕೆ ಮಾತ್ರ ಒಂದು ಪ್ರಿಂಟು. ತಿದ್ದಿದ ನಕ್ಷೆ ಬಂದರೆ ಹಳೆಯದನ್ನು ಹರಿಯುತ್ತಿರಲಿಲ್ಲ, ಅಡ್ಡಗೆರೆ ಎಳೆದು ಎತ್ತಿಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಹತ್ತಿರ ಒಂದು ದಪ್ಪ ರಿಜಿಸ್ಟರು ಇತ್ತು. ಒಂದೊಂದು ಬಿಡಿಭಾಗಕ್ಕೂ ಒಂದೊಂದು ಪುಟ, ಆ ಪುಟದಲ್ಲಿ ಆ ಭಾಗ ಯಾವ ಯಾವ ಗೇಟಿನಲ್ಲಿ, ಯಾವ ಯಾವ ಯಂತ್ರದಲ್ಲಿ ಇದೆ ಎಂಬ ಪಟ್ಟಿ. ನಕ್ಷೆ ಬರೆಯುವ ನಾವು ಒಂದು ತೂತಿನ ಅಳತೆ ಬದಲಿಸಿದರೂ ಅವರಿಗೆ ಚೀಟಿ ಬರೆದು ಕೊಡಬೇಕು. ಅವರು ಪುಟ ತೆರೆದು, ಆ ಭಾಗ ಸೇರಿರುವ ಎಲ್ಲ ನಕ್ಷೆಗಳನ್ನೂ ಹೊರಗೆಳೆದು ನಮ್ಮ ಮುಂದಿಟ್ಟು, ಇವೆಲ್ಲಕ್ಕೂ ಈ ಬದಲಾವಣೆ ನಡೀತೈತೇನು ಎಂದು ಕೇಳುತ್ತಿದ್ದರು. ಉತ್ತರ ಹೇಳದೆ ಅಲ್ಲಿಂದ ಕದಲುವಂತಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಎರಡು ಕಂಪ್ಯೂಟರು ಬಂದವು. ಡಿಪ್ಲೊಮಾ ಮುಗಿಸಿ ಬಂದಿದ್ದ ನನ್ನನ್ನು ತರಬೇತಿಗೆ ಕಳಿಸಿದರು. ವಾಪಸು ಬಂದ ಮೇಲೆ ನನ್ನ ನಡಿಗೆಯೇ ಬೇರೆಯಾಯಿತು. ಕಂಪ್ಯೂಟರಿನ ತಂಪು ಕೋಣೆಯೊಳಗೆ ಚಪ್ಪಲಿ ಬಿಟ್ಟು ಬನ್ನಿ ಎಂದು ಮ್ಯಾನೇಜರಿಗೂ ಹೇಳುತ್ತಿದ್ದೆ.

ಕಂಪ್ಯೂಟರಿನಲ್ಲಿ ಗೇಟಿನ ನಕ್ಷೆ ಒಂದು ಫೈಲು, ಅದರ ಒಂದೊಂದು ಭಾಗ ಒಂದೊಂದು ಫೈಲು. ಗೇಟಿನ ಫೈಲಿನೊಳಗೆ ಭಾಗಗಳು ಇರುವುದಿಲ್ಲ, ಅವುಗಳ ಹೆಸರು ಮತ್ತು ಅವು ಇರುವ ಜಾಗ ಮಾತ್ರ ಇರುತ್ತದೆ. ತೆರೆದಾಗಲೆಲ್ಲ ಅದು ಆ ಭಾಗಗಳನ್ನು ಅಲ್ಲಿಂದ ಕರೆತಂದು ತೋರಿಸುತ್ತದೆ. ಅಕ್ಕೋರು ಒಮ್ಮೆ ಬಾಗಿಲಲ್ಲೇ ನಿಂತು ಇದನ್ನೆಲ್ಲ ಗಮನವಿಟ್ಟು ಕೇಳಿದರು.

"ಗೇಟಿಗೆ ತನ್ನ ಪಾರ್ಟು ಯಾವ್ಯಾವು ಅಂತ ಗೊತ್ತೈತಿ. ಪಾರ್ಟಿಗೆ ತಾನು ಎಷ್ಟು ಗೇಟಿನ್ಯಾಗ ಅದೀನಿ ಅಂತ ಗೊತ್ತೈತೇನ್ರಿ ಸರ?" ಎಂದರು.

ಗೊತ್ತಿರಲಿಲ್ಲ. ಕಂಪ್ಯೂಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎಲ್ಲಾ ಅದೇ ನೋಡಿಕೊಳ್ಳುತ್ತದೆ ಎಂದುಬಿಟ್ಟೆ. ಅವತ್ತಿನಿಂದ ಚೀಟಿ ಕೊಡುವುದನ್ನೂ ನಿಲ್ಲಿಸಿದೆ.

ಗೇಟನ್ನು ಸರಪಳಿಯಿಂದ ಮೇಲೆತ್ತಲು ಅದರ ನೆತ್ತಿಗೆ ತೂತಿರುವ ಒಂದು ಉಕ್ಕಿನ ತುಂಡನ್ನು ಬೆಸೆಯುತ್ತಾರೆ. ಅದಕ್ಕೆ ಲಗ್ ಅನ್ನುತ್ತೇವೆ. ಉಪಕಾಲುವೆಯ ಒಂದು ಸಣ್ಣ ಗೇಟು ಬರೆಯುವಾಗ, ಇಷ್ಟು ದಪ್ಪ ಲಗ್ ಯಾಕೆ ಎಂದು ಅದರ ದಪ್ಪವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದೆ. ಅದೇ ಲಗ್ಗಿನ ಫೈಲನ್ನು ಕಂಪ್ಲಿ ಕಡೆಯ ದೊಡ್ಡ ಗೇಟೂ ಕರೆಯುತ್ತಿತ್ತು. ಹೊಸ ಹೆಸರಿನಲ್ಲಿ ನಕಲು ಮಾಡಿಕೊಂಡು ತಿದ್ದಬೇಕಿತ್ತು. ಮಾಡಲಿಲ್ಲ. ಯಾರಿಗೂ ಗೊತ್ತಾಗದಂತೆ ದೊಡ್ಡ ಗೇಟಿನ ಲಗ್ಗೂ ತೆಳ್ಳಗಾಯಿತು. ಕೆಲವು ತಿಂಗಳ ಮೇಲೆ, ಗೇಟು ತಯಾರಿಸುವ ಶಾಪಿನವರು ದೊಡ್ಡ ಗೇಟಿನ ಹೊಸ ಪ್ರಿಂಟು ಕೇಳಿದರು. ನಾನು ತೆಗೆದುಕೊಟ್ಟೆ. ಇದು ಹಳೇದೇ ಅಲ್ಲೇನ್ರಿ, ಏನೂ ಬದಲಾಗಿಲ್ಲಲ್ಲ ಎಂದು ಅಕ್ಕೋರು ಕೇಳಿದ್ದಕ್ಕೆ, ಏನೂ ಇಲ್ಲ ಎಂದೆ. ಅವರು, ಇದೇ ಸರಿಯಾದ ಪ್ರತಿ ಎಂಬ ತಮ್ಮ ಸೀಲು ಒತ್ತಿ ಕೊಟ್ಟರು.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಆ ಗೇಟನ್ನು ಕೂರಿಸಲು ಹೋದರು. ಸರಪಳಿಯಲ್ಲಿ ಎತ್ತುತ್ತಿದ್ದಾಗ ಲಗ್ ಹರಿದು ಗೇಟು ಜಾರಿತು. ಚೋರನೂರಿನ ಫಿಟ್ಟರ್ ಒಬ್ಬ ಅಂಚಿನ ಮೇಲೆ ಎಡಗೈ ಇಟ್ಟಿದ್ದ. ಅವನ ಎರಡು ಬೆರಳು ಹೋದವು.

ಸುದ್ದಿ ಬಂದಾಗ ಮಧ್ಯಾಹ್ನ. ನಾನು ಕಂಪ್ಯೂಟರಿನ ಮುಂದೆ ಕೂತು ಆ ಫೈಲು ತೆರೆದೆ, ನೋಡಿದೆ, ನನಗೆ ಅರ್ಥವಾಯಿತು. ಮುಂದೆ ನಾನು ಮಾಡಿದ್ದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ಲಗ್ಗಿನ ದಪ್ಪವನ್ನು ಮೊದಲಿನಂತೆಯೇ ಮಾಡಿ ಫೈಲನ್ನು ಉಳಿಸಿದೆ. ಆಗಿನ ಆ ಕಂಪ್ಯೂಟರು ಹಿಂದಿನದನ್ನು ನೆನಪಿಡುತ್ತಿರಲಿಲ್ಲ. ಒಂದು ಕೀಲಿ ಒತ್ತಿದ್ದಕ್ಕೆ ನನ್ನ ತಪ್ಪು ಇಲ್ಲವಾಯಿತು.

ಮ್ಯಾನೇಜರು ಬಂದು ತೆರೆಸಿ ನೋಡಿದರು. ಪರದೆಯ ಮೇಲೆ ದಪ್ಪ ಲಗ್, ಅವರ ಕೈಯಲ್ಲಿದ್ದ ಪ್ರಿಂಟಿನಲ್ಲಿ ತೆಳು ಲಗ್. ಹಾಗಾದರೆ ಸ್ಟೋರಿನಿಂದಲೇ ಯಾವುದೋ ತಪ್ಪು ಹಾಳೆ ಹೋಗಿದೆ ಎಂದು ತೀರ್ಮಾನವಾಯಿತು. ಅಕ್ಕೋರನ್ನು ಕರೆಸಿದರು. ಅವರು ಪ್ರಿಂಟನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಆಮೇಲೆ ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು. ನಾನು ನಕ್ಷೆ ಬರೆಯುವ ಪ್ಲಾಟರ್ ಯಂತ್ರದ ಪೆನ್ನು ಸರಿಮಾಡುವವನ ಹಾಗೆ ಬಗ್ಗಿದೆ.

"ಸೀಲು ನಂದೈತ್ರಿ," ಎಂದರು ಅವರು.

ನಾಲ್ಕನೇ ದಿನ ಕೆಲಸ ಬಿಡುವುದಾಗಿ ಕಾಗದ ಕೊಟ್ಟರು. ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಎದ್ದು ನಿಲ್ಲಲೂ ಇಲ್ಲ.

ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆ ಬೆಳೆದು, ಕಂಪ್ಯೂಟರುಗಳೂ ಹೆಚ್ಚಿ, ನಕ್ಷೆಯ ಫೈಲುಗಳನ್ನು ಕಾಯಲಿಕ್ಕೆಂದೇ ಒಂದು ಹೊಸ ವ್ಯವಸ್ಥೆ ತಂದರು. ಹೈದರಾಬಾದಿನಿಂದ ಬಂದ ಇಂಜಿನಿಯರ್ ಒಬ್ಬ ನಮ್ಮನ್ನೆಲ್ಲ ಕೂಡಿಸಿ ವಿವರಿಸಿದ. ತಿದ್ದಲಿಕ್ಕೆ ಫೈಲನ್ನು ಒಬ್ಬರೇ ಹೊರಗೆ ತೆಗೆಯಬಹುದು, ಉಳಿದವರಿಗೆ ನೋಡಲು ಮಾತ್ರ. ಹಳೆಯ ಪ್ರತಿ ಅಳಿಯುವುದಿಲ್ಲ, ಯಾರು ಯಾವಾಗ ಬದಲಿಸಿದರು ಎಂಬುದು ಉಳಿಯುತ್ತದೆ. ಫೈಲಿನ ಹೆಸರೋ ಜಾಗವೋ ಬದಲಾದರೆ ಅದನ್ನು ಕರೆಯುವ ಎಲ್ಲ ಫೈಲುಗಳಿಗೂ ತಾನೇ ತಿಳಿಸುತ್ತದೆ. ಯಾವ ಭಾಗವನ್ನಾದರೂ ಒತ್ತಿ ಕೇಳಿದರೆ, ಅದು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಪಟ್ಟಿ ಕೊಡುತ್ತದೆ. ಎಲ್ಲರೂ ಭಾಳ ಮೆಚ್ಚಿದರು. ಲಗ್ಗಿನ ಪಟ್ಟಿ ತೆಗೆಯಿರಿ ಎಂದು ನಾನೇ ಕೇಳಿದೆ. ಕಂಪ್ಲಿ ಕಡೆಯ ಗೇಟಿನ ಹೆಸರು ಮೂರನೇ ಸಾಲಿನಲ್ಲಿತ್ತು. ನಾನು ಎದ್ದು ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತೆ. ಅಕ್ಕೋರು ಒಂದು ರಿಜಿಸ್ಟರು, ಒಂದು ಸೀಲು ಇಟ್ಟುಕೊಂಡು ಇಷ್ಟನ್ನೂ ಮಾಡಿದ್ದರು.

ಮುಂದಿನ ಭಾನುವಾರ ಮೆಟ್ರಿಗೆ ಹೋದೆ. ಅವರು ತಮ್ಮನ ಮನೆಯಲ್ಲಿದ್ದರು. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆ. ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು, ಸೂಜಿಗೆ ದಾರ ಪೋಣಿಸಿಕೊಡಲು ತಮ್ಮನ ಮಗಳನ್ನು ಕೂಗುತ್ತಿದ್ದರು. ತಮ್ಮ ನನ್ನನ್ನು ಕುಂದ್ರಿ, ಕುಂದ್ರಿ ಎಂದು ಉಪಚರಿಸಿದ. ಅಕ್ಕಗ ಕಣ್ಣು ಸರಿಯಾಗಿ ಕಾಣಲಿಲ್ಲ, ಅದಕ್ಕ ನೌಕರಿ ಬಿಟ್ಟಳು ಎಂದ. ಮನೆಯವರಿಗೆ ಅವರು ಹೇಳಿದ್ದು ಅಷ್ಟೇ.

ಅವನು ಗದ್ದೆಯ ಕಡೆ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಫೈಲನ್ನು ತಿದ್ದಿ ಮುಚ್ಚಿಟ್ಟಿದ್ದನ್ನೂ ಹೇಳಿದೆ. ಅವರು ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ತಮ್ಮಾ. ನೀ ಹೇಳ್ತಿ ಅಂತ ಮೂರು ದಿನ ಕಾದೆ."

ಅವರು ನನ್ನನ್ನು ನೀನು ಅಂದದ್ದು ಅದೇ ಮೊದಲು. ನಾನು ತಲೆ ಎತ್ತಲಿಲ್ಲ. ಅವರು ಹೊಲಿಯುತ್ತಲೇ ಕೇಳಿದರು:

"ನನಗ ಹೇಳಿದ್ದಾತು. ಬೆರಳು ಹೋದವನಿಗೆ ಹೇಳೀಯೇನು?"

ಇಲ್ಲ ಎಂದೆ. ಹೋಗು ಎಂದರು. ಊಟ ಮಾಡಿಸದೆ ಕಳಿಸಲಿಲ್ಲ.

ಹೋಗುತ್ತೇನೆ ಎಂದು ಮಾತು ಕೊಟ್ಟು ಬಂದವನು ಹೋಗಲಿಲ್ಲ. ಒಂದು ವಾರ ಕೆಲಸ ಇತ್ತು, ಇನ್ನೊಂದು ವಾರ ಮಳೆ ಇತ್ತು. ಹೀಗೆ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಅಕ್ಕೋರು ತೀರಿಕೊಂಡರು. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರಂತೆ. ಮೆಟ್ರಿಯ ಕಡೆಯ ವೆಲ್ಡರೊಬ್ಬ ಹೇಳಿದಾಗ ಮಣ್ಣಾಗಿ ವಾರವೇ ಆಗಿತ್ತು.

ಆಮೇಲೆ ಸಂಡೂರಿಗೆ ಹೋಗಿ ಬಸ್ಸು ಬದಲಿಸಿ ಚೋರನೂರಿಗೆ ಹೋದೆ. ಫಿಟ್ಟರ್ ಕೆಲಸ ಬಿಟ್ಟು ಹೊಲ ನೋಡಿಕೊಂಡಿದ್ದ. ಕಣದಲ್ಲಿ ಜೋಳ ತೂರುತ್ತಿದ್ದವನು ಮೊರವನ್ನು ಎಡಗೈಯ ಮೂರು ಬೆರಳಲ್ಲಿ ಗಟ್ಟಿಯಾಗಿ ಹಿಡಿದಿದ್ದ. ನನ್ನನ್ನು ಗುರುತು ಹಿಡಿದು, ನೀರು ತರಿಸಿ ಕೊಟ್ಟ. ನಾನು ನಿಂತೇ ಹೇಳಿದೆ. ತಪ್ಪು ನನ್ನದು, ಅಕ್ಕೋರದಲ್ಲ ಎಂದೆ.

ಅವನು ಮೊರ ಕೆಳಗಿಟ್ಟ.

"ನಾನು ದವಾಖಾನಿಯಿಂದ ಬಂದ ವಾರದಾಗ ಅಕ್ಕೋರು ಇಲ್ಲಿಗೆ ಬಂದಿದ್ರು. ಹೆಸರು ಹೇಳಲಿಲ್ರಿ. ಒಬ್ಬರು ಬರ್ತಾರ, ತಾವ ಹೇಳ್ತಾರ, ಸಿಟ್ಟು ಮಾಡಬ್ಯಾಡಪ್ಪ ಅಂದ್ರು," ಎಂದ.

ಅವನು ಊರ ಕಡೆಯ ರಸ್ತೆಯನ್ನು ನೋಡಿದ.

"ಆ ಬ್ಯಾಸಿಗಿ ಪೂರಾ ಬಸ್ಸು ಬಂದಾಗೆಲ್ಲ ನೋಡ್ತಿದ್ದೆ. ಆಮ್ಯಾಲ ನೋಡೋದು ಬಿಟ್ಟೆ."