ಕವುಚಿಟ್ಟ ತಟ್ಟೆ, ಓವೆನ್ ಎಂಬ ಹೆಸರು

ನಾನು ಅಜ್ಜಿಯಾದೆ! ಗಂಡು ಮಗು! ಮಸ್ಕತ್ತಿನ ರೂವಿಯ ನಮ್ಮ ಬಿಲ್ಡಿಂಗಿನ ವಾಚ್‌ಮನ್ನಿಗೂ ಲಡ್ಡು ತಿನ್ನಿಸಿಯಾಯಿತು. ಓದುವ ನಿಮಗಷ್ಟೇ ಬಾಕಿ.

ಹೆಸರು ಓವೆನ್. (ಕೇಕ್ ಬೇಯಿಸುವ ಓವನ್ ಅಲ್ಲ ಮಾರಾಯ್ರೆ.) ದೂರದ ದುಕ್ಮ್ ಪೋರ್ಟಿನ ಕೆಲಸದಿಂದ ರಜೆಯಲ್ಲಿ ಬಂದ ಮಗ ಸುನಿಲ್ ಆರಿಸಿದ್ದು. ಅವನ ಬಾಸ್ ಹೆಸರೂ ಅದೇ.

"ಬಾಸ್ ವೇಲ್ಸ್‌ನವರು ಮಮ್ಮಿ. ಇಂಗ್ಲೆಂಡಿಗೆ ತಾಗಿಕೊಂಡೇ ಉಂಟಲ್ಲ, ಅದು. ಅಲ್ಲಿಯ ತುಂಬ ಹಳೇ ಹೆಸರಂತೆ."

ನಾನೋ, ಅದು ನಮ್ಮ ಮಂಗಳೂರು ಕ್ರಿಶ್ಚಿಯನ್ನರದೇ ಹೆಸರು ಎಂದುಕೊಂಡಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ವೇಲ್ಸ್ ಎಲ್ಲಿ ಗೊತ್ತು? ಅಲ್ಲಿಯ ಕಥೆಗಳಲ್ಲಿ ಓವೆನ್ ಎಂಬ ವೀರನೊಬ್ಬನ ಹಿಂದೆ ಸಿಂಹ ನಾಯಿಯ ಹಾಗೆ ಬರುತ್ತಿತ್ತಂತೆ. ಕೇಳಿ ಬೀಗಿದೆ. ನನ್ನ ಮೊಮ್ಮಗನೇನು ಕಡಿಮೆಯೇ?

"ಅದೇ ಹೆಸರಿನ ಒಬ್ಬ ರಾಜಕುಮಾರನೂ ಇದ್ದನಂತೆ. ಇಂಗ್ಲಿಷ್ ರಾಜನ ಮೇಲೆ ದಂಗೆ ಎದ್ದವ. ಸೋತ ಮೇಲೆ ಎಲ್ಲಿ ಹೋದ ಅಂತ ಗೊತ್ತಿಲ್ಲ, ಸಮಾಧಿಯೂ ಸಿಕ್ಕಿಲ್ಲ. ಒಂದಲ್ಲ ಒಂದು ದಿನ ಬರ್ತಾನೆ ಅಂತಾರಂತೆ ಜನ."

ಮಡಿಲಲ್ಲಿದ್ದ ಮಗು ಬೆಚ್ಚಗಿತ್ತು. ನನ್ನ ಬೆನ್ನು ಮಾತ್ರ ತಣ್ಣಗಾಯಿತು.

ನನ್ನ ಅಣ್ಣನ ಹೆಸರೂ ಓವೆನ್. ನಾನು ಸಣ್ಣವಳಿದ್ದಾಗ ಮಂಗಳೂರಿನಿಂದ ಹಂಚು ಹೊತ್ತ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ದೊಡ್ಡ ಸರಕು ದೋಣಿಯಲ್ಲಿ, ಹೊರಟವನು. ಮಂಜಿ ಎಲ್ಲೂ ಮುಟ್ಟಲಿಲ್ಲ. ಹೆಣವೂ ಸಿಗಲಿಲ್ಲ. ಹೊರಟದ್ದು ಎಲ್ಲಿಗೆ ಗೊತ್ತೇ? ಇದೇ ಮಸ್ಕತ್ತಿಗೆ.

ಅಮ್ಮ ಸಾಯುವ ತನಕ ಊಟದ ಹೊತ್ತಿಗೆ ಒಂದು ತಟ್ಟೆ ಹೆಚ್ಚಿಗೆ ಕವುಚಿಡುತ್ತಿದ್ದರು. ಬಂದವನು ತಿರುಗಿಸಿಕೊಂಡು ಉಣ್ಣಲಿ ಎಂದು. "ಅವನ ಹೆಸರು ಬೇರೆ ಮಗುವಿಗೆ ಇಡಬೇಡಿ. ಅವ ಬರುವ ದಾರಿ ಮುಚ್ಚಿ ಹೋಗ್ತದೆ" ಎನ್ನುತ್ತಿದ್ದರು. ಅವರ ಕಾಲದ ನಂತರ ಆ ಹೆಸರನ್ನು ಯಾರೂ ಎತ್ತಲಿಲ್ಲ. ಆಮೇಲೆ ಹುಟ್ಟಿದ ಸುನಿಲನಿಗೆ ಏನೂ ಗೊತ್ತಿಲ್ಲ.

"ಆಯ್ತಾ ಮಮ್ಮಿ? ಶುಕ್ರವಾರ ಜ್ಞಾನಸ್ನಾನ. ಇವತ್ತೇ ಫಾದರ್‌ಗೆ ಹೆಸರು ಹೇಳಬೇಕು."

ಏನು ಹೇಳಲಿ? ಅಮ್ಮನ ಮಾತು ಮೀರಲೇ? ಮಗನ ಖುಷಿಗೆ ಕಲ್ಲು ಹಾಕಲೇ? ಮಗುವನ್ನು ಅವನ ಕೈಗಿಟ್ಟು, "ಸಂಜೆ ಹೇಳ್ತೇನೆ" ಎಂದು ಅಡುಗೆಮನೆಗೆ ಹೋದೆ.

ಸಂಜೆ ಇಡ್ಲಿಯಂಥ ಮೆತ್ತನೆಯ ಸನ್ನ, ಕೋಳಿ ಸಾರು. ತಟ್ಟೆ ಇಟ್ಟವನು ಸುನಿಲ್. ನೋಡುತ್ತೇನೆ, ಒಂದು ತಟ್ಟೆ ಹೆಚ್ಚು. ಅದೂ ಕವುಚಿ!

"ಇದು ಯಾರಿಗೆ? ಎಂತಕ್ಕೆ ಕವುಚಿಟ್ಟೆ?"

"ನಾನಾ?" ಅವನೇ ಪೆಚ್ಚಾದ. "ಗೊತ್ತಿಲ್ಲ ಮಮ್ಮಿ. ಕೈ ತಾನಾಗಿಯೇ ಇಟ್ಟುಬಿಟ್ಟಿತು."

ಸೊಸೆ ಲವೀನಾ ನಕ್ಕಳು. "ಅಪ್ಪ ಆದದ್ದೇ ಆದದ್ದು, ಇವರ ತಲೆ ಖಲಾಸ್!"

ನನಗೆ ನಗು ಬರಲಿಲ್ಲ. ತಟ್ಟೆ ತಿರುಗಿಸಿದೆ. ಬಿಸಿ ಸನ್ನ ಇಟ್ಟು, ಸಾರು ಬಡಿಸಿದೆ. "ಬಾ ಅಣ್ಣ, ಊಟ ಮಾಡು" ಎಂದೆ.

ಆಗಿನಿಂದ ಅಳುತ್ತಿದ್ದ ಮಗು ಫಕ್ಕನೆ ಸುಮ್ಮನಾಯಿತು. ಅದರ ಕಣ್ಣು ನನ್ನ ಹೆಗಲಿನಾಚೆ, ಬಾಗಿಲ ಕಡೆಗಿತ್ತು.

"ಯಾವ ಅಣ್ಣ ಮಮ್ಮಿ?"

ಎಲ್ಲ ಹೇಳಿದೆ. ಸುನಿಲ್ ಆ ತಟ್ಟೆಯ ಪಕ್ಕ ಒಂದು ಲೋಟ ನೀರು ಇಟ್ಟ. "ಹಾಗಾದರೆ ಹೆಸರು ಬೇಡವಾ?"

"ಅದೇ ಇರಲಿ. ಉಣ್ಣಿ, ತಣಿಯುತ್ತದೆ."

ಎಲ್ಲರೂ ಒಟ್ಟಿಗೆ ಉಂಡೆವು. ಈಗ ನೀವೇ ಹೇಳಿ, ನಾನು ಅಣ್ಣನ ದಾರಿ ಮುಚ್ಚಿದೆನೋ, ಅವನು ಕೊನೆಗೂ ಮಸ್ಕತ್ ಮುಟ್ಟಿದನೋ?