ಮೆಲ್ಲಗೆ ಮಾತಾಡುವ ನಫೀಸಮ್ಮ

ಘಾಟಿಯ ಬುಡದ ಗುಂಡ್ಯದಲ್ಲಿ ಪೋಕರ್ ಅವರ ಹೋಟೆಲಿನ ಚಹಾ ಕುಡಿಯದ ಲಾರಿ ಡ್ರೈವರ್ ಇರಲಾರ. ಆದರೆ ಅವರ ಹೆಂಡತಿ ನಫೀಸಮ್ಮನ ದನಿ ಕೇಳಿದವನು ಒಬ್ಬನೂ ಸಿಕ್ಕಲಿಕ್ಕಿಲ್ಲ. ಘಾಟಿ ಇಳಿದು ಬಂದವರು ಬೆಂಚಿನ ಮೇಲೆ ಹಾಗೇ ನಿದ್ದೆ ಹೋಗುತ್ತಿದ್ದರು. ಹಿಂದಿನ ಕೋಣೆಯೇ ಮನೆ, ನಡುವೆ ಒಂದು ಹಲಗೆ ಗೋಡೆ. ಹೆದ್ದಾರಿಯ ಸದ್ದಿಗೆ ಎಚ್ಚರವಾಗದವರು ಮನುಷ್ಯರ ಮಾತಿಗೆ ಬೆಚ್ಚಿ ಏಳುತ್ತಾರೆ, ಪಾಪ, ಎಂದು ಮದುವೆಯಾಗಿ ಬಂದ ಹೊಸತರಲ್ಲೇ ನಫೀಸಮ್ಮ ದನಿ ತಗ್ಗಿಸಿದರು. ಆಮೇಲೆ ಏರಿಸಲೇ ಇಲ್ಲ. ಮಗಳು ಶಹನಾಳನ್ನು ಬೈದದ್ದೂ ಪಿಸುದನಿಯಲ್ಲೇ.

ಆ ಶಹನಾ ತವರಿಗೆ ಬಂದು ಹೆತ್ತ ಮಗು ಆಫ್ರಾ. ಐದು ತಿಂಗಳಾದರೂ, ಅಜ್ಜಿ ತೊಟ್ಟಿಲ ಹಿಂದೆ ನಿಂತು ಕರೆದರೆ ಕತ್ತು ಹೊರಳಿಸುತ್ತಿರಲಿಲ್ಲ. ಲಾರಿ ಹಾರನ್ ಹೊಡೆದರೂ ಗಡದ್ದು ನಿದ್ದೆ. ನಫೀಸಮ್ಮ ಮಗಳಿಗೆ ಹೇಳುವ ಧೈರ್ಯವಾಗದೆ ಗಂಡನ ಹತ್ತಿರ, “ಮಗುವಿಗೆ ಕಿವಿ ಕೇಳುದಿಲ್ಲ ಅಂತ ಕಾಣ್ತದೆ” ಎಂದರು.

“ಎಂತ? ಸ್ವಲ್ಪ ಜೋರು ಹೇಳು ಮಾರಾಯ್ತಿ” ಎಂದರು ಪೋಕರ್.

ಎರಡನೆಯ ಸಲ ಹೇಳುವಾಗ ನಫೀಸಮ್ಮ ಅತ್ತೇಬಿಟ್ಟರು. ಮರುದಿನವೇ ಹೋಟೆಲಿಗೆ ಬೀಗ ಹಾಕಿ ಎಲ್ಲರೂ ಸುಳ್ಯಕ್ಕೆ ಹೊರಟರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಲಗಿದ ಮಗುವಿನ ತಲೆಗೆ ವಯರು ಅಂಟಿಸಿ ಪರೀಕ್ಷೆ ಮಾಡಿ, “ಕಿವಿ ಸರಿ ಉಂಟು” ಎಂದರು.

“ಮತ್ತೆ ಉಮ್ಮ ಕರೆದ್ರೆ ತಿರುಗುದಿಲ್ಲ ಯಾಕೆ?” ಎಂದು ತಾಯಿಯನ್ನು ತೋರಿಸಿ ಕೇಳಿದಳು ಶಹನಾ.

“ಹೇಗೆ ಕರೀತೀರಿ? ಒಮ್ಮೆ ಕರೀರಿ ನೋಡುವ.”

ನಫೀಸಮ್ಮ ಕರೆದರು. ಡಾಕ್ಟರಮ್ಮ ನಕ್ಕೇಬಿಟ್ಟರು. “ಇಷ್ಟು ಮೆಲ್ಲಗಿನದ್ದು ನಮಗೆ ಕೇಳ್ತದೆ, ಶಿಶುವಿಗೆ ಕೇಳುದಿಲ್ಲ. ಹಾರನ್ ಅದಕ್ಕೆ ಅಭ್ಯಾಸ ಆಗಿದೆ, ಅಷ್ಟೆ. ಮಕ್ಕಳಿಗೆ ಹುಟ್ಟುವಾಗಲೇ ಕೇಳ್ತದೆ, ಆದ್ರೆ ಕಿವಿ ಸೂಕ್ಷ್ಮ ಆಗುದು ನಿಧಾನ. ಗಲಾಟೆಯ ನಡುವೆ ನಮ್ಮ ಹಾಗೆ ಮಾತು ಹೆಕ್ಕಿ ಕೇಳ್ಲಿಕ್ಕೆ ಹತ್ತು ವರ್ಷವಾದ್ರೂ ಬೇಕು. ಅಲ್ಲಿವರೆಗೆ ನೀವೇ ಜೋರು ಮಾತಾಡ್ಬೇಕು.”

ಮನೆಗೆ ಬಂದರೂ ನಫೀಸಮ್ಮನಿಗೆ ಸಮಾಧಾನವಿಲ್ಲ. ಡಾಕ್ಟರು ಹೇಳಿದರೆ ಆಯಿತೇ, ತನ್ನ ಕಣ್ಣಿಗೆ ಕಾಣಬೇಡವೇ? ತೊಟ್ಟಿಲ ಹಿಂದೆ ನಿಂತರು. ದನಿಯೇ ಹೊರಡಲಿಲ್ಲ. ಈ ವಯಸ್ಸಿನಲ್ಲಿ ಕಿರುಚುವುದಕ್ಕೆ ನಾಚಿಕೆ ಬೇರೆ. ಕೊನೆಗೆ ಕಣ್ಣು ಮುಚ್ಚಿ, “ಆಫ್ರಾ!” ಎಂದು ಕೂಗಿಯೇಬಿಟ್ಟರು.

ಹೊರಗೆ ಯಾರೋ ದಡಬಡಿಸಿ ಎದ್ದರು. ಪೋಕರ್ ಸೌಟು ಹಿಡಿದುಕೊಂಡೇ ಓಡಿ ಬಂದು, “ಎಂತಾಯ್ತು?” ಎಂದರು.

ಮಗು ಕತ್ತು ಹೊರಳಿಸಿ ಅಜ್ಜಿಯನ್ನೇ ನೋಡುತ್ತಿತ್ತು.

“ತಿರುಗಿತು” ಎಂದು ನಫೀಸಮ್ಮ ಅತ್ತರು. ಒಂದು ಸಲ ಸಾಕಾಗಲಿಲ್ಲ. ತೊಟ್ಟಿಲಿನ ಇನ್ನೊಂದು ಬದಿಗೆ ಹೋಗಿ ಮತ್ತೆ ಕರೆದರು, ಈ ಸಲ ಮೊದಲಿಗಿಂತಲೂ ಜೋರಾಗಿ.