ಬಸ್ಸು ಹತ್ತಿದ ಮರಿಯಮ್ಮ

ನನ್ನ ಗಂಡನ ಕುತ್ತಿಗೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಶನಿವಾರ ಫೋನ್ ಮಾಡಿ ಹೇಳುತ್ತೇವೆ ಎಂದಿದ್ದರು. ಅದೇ ಶನಿವಾರ ಮಾತೆ ಮರಿಯಮ್ಮ ತರೀಕೆರೆಯ ನಮ್ಮ ಮನೆ ಬಿಟ್ಟು ಅಜ್ಜಂಪುರಕ್ಕೆ ಹೊರಡಬೇಕಿತ್ತು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಅಕ್ಟೋಬರ್ ನಮಗೆ ಜಪಸರದ, ಅಂದರೆ ಮಣಿ ಎಣಿಸಿ ಮಾತೆಗೆ ಪ್ರಾರ್ಥಿಸುವ ತಿಂಗಳು. ಚರ್ಚಿನ ಮಾತೆಯ ಸಣ್ಣ ಪ್ರತಿಮೆ ವಾರಕ್ಕೊಂದರಂತೆ ಮನೆಯಿಂದ ಮನೆಗೆ ಹೋಗುತ್ತದೆ. ಇಟ್ಟುಕೊಂಡವರೇ ಮುಂದಿನ ಮನೆಗೆ ಮುಟ್ಟಿಸಬೇಕು. ಈ ಕಡೆ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು, ಅಲ್ಲೊಂದು ಇಲ್ಲೊಂದು, ಹಾಗಾಗಿ ನಮ್ಮ ಮಾತೆ ಬಸ್ಸು ಹತ್ತುತ್ತಾಳೆ. ಬಂದ ಮೊದಲ ಸಂಜೆಯ ಜಪಸರ ಆ ಮನೆಯವರ ಕೋರಿಕೆಗೇ ಮೀಸಲು. ನಮ್ಮ ಮೊದಲ ಸಂಜೆಯನ್ನು ಮಗಳ ಓದಿನ ಪರೀಕ್ಷೆಗೆ ಖರ್ಚು ಮಾಡಿಬಿಟ್ಟಿದ್ದೆವು. ಗಂಟು ಕೈಗೆ ಸಿಕ್ಕಿದ್ದು ಮಾರನೇ ದಿನ, ಅವರು ಗಡ್ಡ ಹೆರೆದುಕೊಳ್ಳುವಾಗ.

"ಇನ್ನೊಂದಿನ ಇಟ್ಕೊಳ್ಳೋಣ ಕಣ್ರೀ. ನಾಳೆ ಕೊಟ್ರೆ ಏನಾಗುತ್ತೆ?" ಎಂದೆ.

"ಅಜ್ಜಂಪುರದವ್ರು ಮನೆಗೆ ಸುಣ್ಣ ಹೊಡ್ಸಿ ಕಾಯ್ತಾವ್ರೆ ಕಣೇ. ಹೋಗು, ನಾನೇನು ಇವತ್ತೇ ಸಾಯಲ್ಲ" ಎಂದರು.

ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರಲ್ಲ, ಆ ಪೈಕಿ ನಾನು. ದೇವರ ಹೆಸರು ಮಾತ್ರ ಬೇರೆ. ಸಂಕಟ ಬಂದ ದಿನವೇ ಕೈಬಿಟ್ಟು ಹೋಗುವ ತಾಯಿ ಎಂಥ ತಾಯಿ ಎಂದು ಗೊಣಗುತ್ತ ಪ್ರತಿಮೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಟೆ.

ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಮುಸ್ಲಿಂ ಅಜ್ಜಿ ಕೂತಿದ್ದರು. ನಾನು ನಿಮಿಷಕ್ಕೊಮ್ಮೆ ಫೋನ್ ತೆಗೆಯುವುದು, ಇಡುವುದು. ಅಜ್ಜಿಗೆ ನನ್ನ ಮಡಿಲಿನದೇ ಚಿಂತೆ.

"ಮಗೂಗೆ ಉಸಿರು ಕಟ್ಟುತ್ತೆ, ಮುಖದ ಮೇಲಿನ ಬಟ್ಟೆ ತೆಗಿಯಮ್ಮ."

ತೆಗೆದು ತೋರಿಸಿದೆ. ಅಜ್ಜಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕರು. ಆಮೇಲೆ "ನಮ್ಮ ಮರಿಯಂ ಬೀಬೀನೂ ಇವ್ರೇ" ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನನಗೂ ನಗು ಬಂತು, ಆದರೆ ಉಳಿಯಲಿಲ್ಲ.

ಅಜ್ಜಂಪುರದಲ್ಲಿ ಇಳಿಯುತ್ತಿದ್ದಂತೆ ಗಂಡನ ಫೋನು. "ಅದೇ ಅಂತೆ ಕಣೇ. ಬೆಂಗಳೂರಿಗೆ ಹೋಗ್ಬೇಕಂತೆ. ಗಾಬ್ರಿಯಾಗ್ಬೇಡ" ಎಂದರು. ಗಾಬರಿ ಅವರ ದನಿಯಲ್ಲೇ ಇತ್ತು.

ತರೀಕೆರೆಗೆ ವಾಪಸ್ಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಮಾತೆಯನ್ನು ಎದೆಗೆ ಅವಚಿಕೊಂಡು ಅದರ ಕಡೆ ನಡೆದೆ. ಇವಳನ್ನು ಯಾರಿಗೂ ಕೊಡುವುದಿಲ್ಲ ಎಂದು ಮನಸ್ಸು ಮಕ್ಕಳ ಹಾಗೆ ಹಟ ಹಿಡಿದಿತ್ತು.

"ಅಕ್ಕಾ, ಆ ಕಡೆ ಎಲ್ಲಿಗೆ?" ಹಿಂದಿನಿಂದ ಕೂಗು. ಮಾತೆ ಹೋಗಬೇಕಿದ್ದ ಮನೆಯಾಕೆ ಕನಕಾಂಬರದ ಹಾರ ಹಿಡಿದು ಕರೆದುಕೊಂಡು ಹೋಗಲು ಬಂದಿದ್ದಳು. ಅವಳ ಮಗಳಿಗೆ ನಿಂತ ಬಸಿರು ಮತ್ತೆ ಮತ್ತೆ ಇಳಿದುಹೋಗಿತ್ತು, ಈಗ ತುಂಬಿದ ತಿಂಗಳು. ವರ್ಷವಿಡೀ ಈ ಮೊದಲ ಸಂಜೆಗೆ ಕಾದಿದ್ದಳೆಂದು ನನಗೂ ಗೊತ್ತಿತ್ತು. ನನ್ನ ಮುಖ ನೋಡಿ ಅವಳ ನಗು ನಿಂತಿತು. ಹೇಳಿದೆ. ಅಲ್ಲೇ, ಬಸ್‌ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟೆ.

ಅವಳು ಪ್ರತಿಮೆಗೆ ಕೈ ಚಾಚಲಿಲ್ಲ, ಮೊದಲು ನನ್ನ ಕಣ್ಣು ಒರೆಸಿದಳು. "ಇವತ್ತಿನ ಜಪಸರ ನಿಮ್ಮನೆ ಅಣ್ಣನಿಗೆ ಮಾಡ್ತೀವಿ. ನಮ್ದು ನಾಳೆ ಆದ್ರೆ ಏನಾಗುತ್ತೆ?"

ಬೆಳಗ್ಗೆ ನಾನು ಕೇಳಿದ್ದೂ ಇದೇ ಮಾತು. ನನ್ನ ಬಾಯಲ್ಲಿ ಅದಕ್ಕೆ ಬೇರೆ ರುಚಿಯಿತ್ತು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಮಾತೆಯನ್ನು ಅವಳ ಕೈಗಿಟ್ಟು ಅದೇ ಬಸ್ಸು ಹತ್ತಿದೆ.

ಮಡಿಲು ಖಾಲಿ, ಕೈ ಎಲ್ಲಿಡಬೇಕೋ ತಿಳಿಯದು. ಬೆಂಗಳೂರಿನ ಚಿಂತೆ ಎದೆ ಕೊರೆಯುತ್ತಿತ್ತು. ಅವರ ಮನೆಯಲ್ಲಿ ಮೇಣದಬತ್ತಿ ಹಚ್ಚುವ ಹೊತ್ತಿಗೆ ನಾನೂ ಪರ್ಸಿನಿಂದ ಜಪಸರ ತೆಗೆದೆ. ಗಂಡನ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ನಾನು ಒಮ್ಮೆಯೂ ನೋಡದ ಅವಳ ಬಸುರಿ ಮಗಳಿಗಾಗಿ ಮೊದಲ ಮಣಿ ಹಿಡಿದೆ.